ಹೈಸ್ಕೂಲ್ ಹುಡುಗನಿಗೆ ಮೂವತ್ತಾರರ ಸೊಂಟ!

ಜೂನ್ ತಿಂಗಳು ಬಂತೆಂದರೆ ದಾವಣಗೆರೆಯ ದರ್ಜಿಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಯೂನಿಫಾರಂ ಬಟ್ಟೆಯ ಗಂಟುಗಳು ಹೊಲಿಗೆ ಮಿಷನ್ನಿನ ಪಕ್ಕ ಗುಡ್ಡೆ ಬಿದ್ದಿರುತ್ತವೆ. ಟೇಪು ಕೊರಳಿಗೆ ಹಾಕಿಕೊಂಡ ದರ್ಜಿಗೆ ಊರಿನ ಮಕ್ಕಳ ಆರೋಗ್ಯದ ಲೆಕ್ಕ ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತೆ. ಯಾವ ಮನೆ ಹುಡುಗ ಉದ್ದ ಬೆಳೆದ, ಯಾವ ಮನೆ ಹುಡುಗ ಅಡ್ಡ ಬೆಳೆದ ಅನ್ನೋದು ಅವನ ಅಳತೆ ಪುಸ್ತಕದಲ್ಲಿ ವರ್ಷವರ್ಷವೂ ದಾಖಲು.

ಒಂದು ಕಾಲದಲ್ಲಿ ಅಪ್ಪನ ಹಳೇ ಪ್ಯಾಂಟು ಬಿಚ್ಚಿ, ಸೊಂಟ ಹಿಡಿದು, ಮಗನಿಗೆ ಹೊಲಿಯುವುದು ಮಧ್ಯಮ ವರ್ಗದ ಮನೆಗಳ ಪದ್ಧತಿಯಾಗಿತ್ತು. ಈಗ ಎಷ್ಟೋ ಮನೆಗಳಲ್ಲಿ ಅಪ್ಪನ ಪ್ಯಾಂಟು ಮಗನಿಗೆ ಹತ್ತೋದೇ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಮೂವತ್ತಾರು ಇಂಚಿನ ಸೊಂಟ. "ಎರಡು ಇಂಚು ಒಳಗೆ ಬಟ್ಟೆ ಬಿಟ್ಟಿರಿ, ಮುಂದಿನ ವರ್ಷ ಬೇಕಾಗುತ್ತೆ" ಅಂತ ತಾಯಿ ಹೇಳಿ ಹೋಗುತ್ತಾಳೆ. ಹುಡುಗ ಮಾತ್ರ ತಲೆ ಎತ್ತುವುದಿಲ್ಲ. ಅಂಗಡಿಯಲ್ಲಿ ನಿಂತ ಬೇರೆ ಹುಡುಗರ ಮುಂದೆ ದರ್ಜಿ ಅಳತೆಯನ್ನು ಗಟ್ಟಿಯಾಗಿ ಕೂಗಿಬಿಟ್ಟರೆ ಏನು ಗತಿ ಅನ್ನೋದೇ ಅವನ ಚಿಂತೆ.

ಇದು ಒಬ್ಬ ಹುಡುಗನ ಕಥೆಯಲ್ಲ. ಒಂದು ಅಂಗಡಿಯ ಕಥೆಯೂ ಅಲ್ಲ.

ಲೆಕ್ಕ ಏನು ಹೇಳುತ್ತೆ?

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2024ರಲ್ಲಿ ಜಗತ್ತಿನ ಎಲ್ಲ ದೇಶಗಳ ಲೆಕ್ಕ ಪ್ರಕಟಿಸಿತು. ಅದರಂತೆ 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು ಸುಮಾರು 4 ಲಕ್ಷ. 2022ರ ಹೊತ್ತಿಗೆ ಇದು 1 ಕೋಟಿ 25 ಲಕ್ಷ! ಇವರಲ್ಲಿ ಹುಡುಗಿಯರು 52 ಲಕ್ಷ, ಹುಡುಗರು 73 ಲಕ್ಷ. ಅಂದರೆ ಹೆಚ್ಚಿನ ಪಾಲು ಗಂಡು ಹುಡುಗರದ್ದು. ಈ ಮಾತನ್ನು ವ್ಯಾಪಾರಿ ಮಹಾಶಯರೂ, ಬಸ್ಸಿನಲ್ಲಿ ಜೋತುಬಿದ್ದು ಈ ಪತ್ರಿಕೆ ಓದುವ ತಂದೆಯರೂ ಸ್ವಲ್ಪ ನಿಂತು ಓದಬೇಕು.

ದೊಡ್ಡವರ ಲೆಕ್ಕವೂ ಚೆನ್ನಾಗೇನಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 22 ಮಂದಿ ಅಧಿಕ ತೂಕದವರಾಗಿದ್ದರು. 2019-21ರ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 31. ನಾಲ್ಕೈದು ವರ್ಷದಲ್ಲಿ ಇಷ್ಟು ಏರಿಕೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದವರ ಲೆಕ್ಕ ಇದು. ಅಂದರೆ ಪಿಯುಸಿ ಹುಡುಗನೂ ಇದರಲ್ಲಿ ಸೇರಿದ್ದಾನೆ, ಅವನ ಅಪ್ಪನೂ ಸೇರಿದ್ದಾನೆ.

ಹಾಗಂತ ಊರಿನ ಹುಡುಗರೆಲ್ಲ ಉಬ್ಬಿ ಹೋಗಿದ್ದಾರೆ ಅಂತ ತಿಳಿಯಬಾರದು. 2016ರಿಂದ 2018ರವರೆಗೆ ಕೇಂದ್ರ ಸರ್ಕಾರವೇ ನಡೆಸಿದ ಮಕ್ಕಳ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 24 ಮಂದಿ ಅತಿ ತೆಳು, 5 ಮಂದಿ ಅಧಿಕ ತೂಕ. ಒಂದೇ ಬೆಂಚಿನಲ್ಲಿ ಎಲುಬು ಕಾಣುವ ಹುಡುಗನೂ ಕೂತಿದ್ದಾನೆ, ಬೆಂಚು ನರಳುವ ಹುಡುಗನೂ ಕೂತಿದ್ದಾನೆ. ಅದೇ ಸಮೀಕ್ಷೆ ಇನ್ನೊಂದು ಭಯಂಕರ ಮಾತು ಹೇಳಿತು. ಈ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸಕ್ಕರೆ ಅಂಶ ಆಗಲೇ ಮಿತಿ ದಾಟಿ ಮಧುಮೇಹದ ಹೊಸ್ತಿಲಲ್ಲಿ ನಿಂತಿತ್ತು. ಅಪ್ಪನಿಗೆ ಐವತ್ತಕ್ಕೆ ಬಂದ ಕಾಯಿಲೆ ಮಗನ ಬಾಗಿಲನ್ನು ಹದಿನೈದಕ್ಕೇ ತಟ್ಟುತ್ತಿದೆ.

ಮನೆಯಲ್ಲೇ ನೋಡಿಕೊಳ್ಳಲು ಸುಲಭದ ಅಳತೆಯೊಂದಿದೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಐದಡಿ ನಾಲ್ಕಿಂಚು ಎತ್ತರದ ಹುಡುಗನೆಂದರೆ ಅರವತ್ನಾಲ್ಕು ಇಂಚು. ಅವನ ಸೊಂಟ ಮೂವತ್ತೆರಡರ ಒಳಗಿರಬೇಕು. ಮೂವತ್ತಾರು ಆಗಿದ್ದರೆ? ಉಳಿದ ನಾಲ್ಕು ಇಂಚಿನ ಲೆಕ್ಕ ಯಾರು ಕೊಡಬೇಕು?

ಅದೇ ದೋಸೆ, ಬೆವರು ಮಾತ್ರ ಇಲ್ಲ!

"ಬಾಯಿ ಕಟ್ಟೋದಿಲ್ಲ ಸಾರ್ ಈಗಿನ ಹುಡುಗ್ರು" ಅನ್ನೋದು ಎಲ್ಲ ಕಟ್ಟೆಗಳ ತೀರ್ಪು. ತೀರ್ಪು ಕೊಡೋದು ಸುಲಭ. ಆದರೆ ದಾವಣಗೆರೆ ಜನ ಬಾಯಿ ಕಟ್ಟಿದ್ದು ಯಾವಾಗ?

ಬೆಣ್ಣೆ ದೋಸೆ ಈ ಊರಿಗೆ ಹೊಸದಲ್ಲ. ಮಿರ್ಚಿ ಮಂಡಕ್ಕಿ ಹೊಸದಲ್ಲ. ಹತ್ತಿ ಗಿರಣಿಗಳ ಸೈರನ್ನು ಕೂಗುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕ ಬೆಣ್ಣೆ ಸುರಿಯುವ ದೋಸೆಯನ್ನೇ ತಿಂದ. ಮಂಡಿಪೇಟೆಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ ಮೂಟೆ ಹೊತ್ತ ಹಮಾಲ ಸಂಜೆ ಎರಡು ಮಿರ್ಚಿ ಕಡಿದೇ ಮನೆಗೆ ಹೋದ. ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣಕ್ಕೆ ಇಳಿಯುವ ಪೈಲ್ವಾನ ತುಪ್ಪ, ಬಾದಾಮಿ, ಹಾಲು ಹೊಡೆದೇ ಗರಡಿಮನೆಯ ಮಣ್ಣಿನಲ್ಲಿ ಹೊರಳಿದ. ತಿಂದದ್ದನ್ನು ಅವರ ಮೈ ಕೇಳಿ ಪಡೆಯುತ್ತಿತ್ತು. ಸಂಜೆಯೊಳಗೆ ಲೆಕ್ಕ ಚುಕ್ತಾ!

ಈಗ ಅದೇ ದೋಸೆಯನ್ನು ಹದಿನಾರು ವರ್ಷದ ಹುಡುಗ ತಿನ್ನುತ್ತಾನೆ. ತಿಂದವನು ಟ್ಯೂಷನ್ ಬೆಂಚಿನ ಮೇಲೆ ಕೂರುತ್ತಾನೆ. ಅಲ್ಲಿಂದ ಎದ್ದು ಕಾಲೇಜಿನ ಬೆಂಚಿನ ಮೇಲೆ ಕೂರುತ್ತಾನೆ. ಸಂಜೆ ಮತ್ತೆ ಟ್ಯೂಷನ್, ರಾತ್ರಿ ಮನೆಯ ಕುರ್ಚಿ. ಮಧ್ಯದಲ್ಲಿ ಓಡಾಡುವುದು ವ್ಯಾನು, ಸ್ಕೂಟರು, ಆಟೋ. ಒಂದು ಚಮಚ ಎಣ್ಣೆಯಲ್ಲಿ ನಲವತ್ತೈದು ಕ್ಯಾಲೊರಿ ಶಕ್ತಿ ಇರುತ್ತೆ. ಅದು ಎಲ್ಲಿಗೆ ಹೋಗಬೇಕು? ಖರ್ಚಾಗದ ದುಡ್ಡು ಬ್ಯಾಂಕಿಗೆ ಹೋದ ಹಾಗೆ, ಖರ್ಚಾಗದ ಎಣ್ಣೆ ಸೊಂಟಕ್ಕೆ ಹೋಗುತ್ತೆ. ಬ್ಯಾಂಕಿನವರಾದರೂ ಬಡ್ಡಿ ಕೊಡುತ್ತಾರೆ. ಸೊಂಟ ಬಡ್ಡಿ ಕೇಳುತ್ತೆ!

ಹುಡುಗನ ಒಂದು ದಿನ

ಊರಿನ ಯಾವುದೇ ಪಿಯುಸಿ ಸೈನ್ಸ್ ಹುಡುಗನ ದಿನಚರಿ ತೆಗೆದುಕೊಳ್ಳಿ. ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಾರೆ. ಆರು ಗಂಟೆಗೆ ಟ್ಯೂಷನ್. ಒಂಬತ್ತರಿಂದ ನಾಲ್ಕರವರೆಗೆ ಕಾಲೇಜು. ಐದರಿಂದ ಏಳು ಮತ್ತೊಂದು ಟ್ಯೂಷನ್. ಮನೆಗೆ ಬಂದು ಉಂಡು, ಓದುವ ನೆಪದಲ್ಲಿ ಅರ್ಧ, ಮೊಬೈಲಿನಲ್ಲಿ ಅರ್ಧ, ಮಲಗುವಾಗ ಹನ್ನೆರಡು. ಈ ವಯಸ್ಸಿನ ಹುಡುಗನಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತಾರೆ ವೈದ್ಯರು. ಸಿಗುವುದು ಐದೂವರೆ. ನಿದ್ದೆಗೆಟ್ಟ ಮೈಗೆ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದ ಪದಾರ್ಥದ ಮೇಲೆ ಮನಸ್ಸು ಹೆಚ್ಚು. ಇದು ಚಪಲವಲ್ಲ, ಮೈಯ ಧರ್ಮ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಅರವತ್ತು ನಿಮಿಷ ಮೈಮುರಿದು ಆಡಬೇಕು, ಓಡಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಈ ಹುಡುಗನ ದಿನದಲ್ಲಿ ಆ ಅರವತ್ತು ನಿಮಿಷ ಎಲ್ಲಿದೆ, ಯಾರಾದರೂ ಹುಡುಕಿ ಕೊಡಲಿ.

ಹಳ್ಳಿ ಹುಡುಗರ ಪಾಡು ಬೇರೆ ಅಂತ ತಿಳಿದವರೂ ಇದ್ದಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಬರುವ ಹುಡುಗರನ್ನು ನೋಡಿದವರಿಗೆ ಗೊತ್ತು. ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಬಸ್ಸು ಹೋಗಿರುತ್ತೆ. ಖಾಲಿ ಹೊಟ್ಟೆಯಲ್ಲಿ ಬಂದವನು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಕಾಣುವುದು ತೂಗುಹಾಕಿದ ಪೊಟ್ಟಣಗಳ ಮಾಲೆ. ಜೇಬಿನಲ್ಲಿ ಇಪ್ಪತ್ತು ರೂಪಾಯಿ. ಇಪ್ಪತ್ತಕ್ಕೆ ಹೊಟ್ಟೆ ತುಂಬುವ ಊಟ ಎಲ್ಲಿ ಸಿಗುತ್ತೆ? ಐದು ರೂಪಾಯಿಯ ಚಿಪ್ಸು, ಹತ್ತರ ಬಿಸ್ಕತ್ತು, ಇಲ್ಲವೇ ಇಪ್ಪತ್ತರ ತಂಪು ಪಾನೀಯದ ಬಾಟಲಿ ಖಂಡಿತ ಸಿಗುತ್ತೆ. ಬೊಜ್ಜು ಶ್ರೀಮಂತರ ಮನೆ ಕಾಯಿಲೆ ಅನ್ನೋ ಮಾತು ಹಳೆಯದಾಯಿತು. ಅಗ್ಗದ ಹೊಟ್ಟೆಪಾಡೇ ಈಗ ಎಣ್ಣೆ, ಸಕ್ಕರೆ, ಮೈದಾ.

ಮುಂಚೆ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ಲಾದರೂ ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಸೈಕಲ್ ತುಳಿಯುತ್ತಿದ್ದ ಕಾಲಿಗೆ ಕೆಲಸ ಹೋಯಿತು. ಅದೇ ಕೋವಿಡ್ ಕಾಲದಲ್ಲಿ ಪಾಠದ ನೆಪದಲ್ಲಿ ಕೈಗೆ ಬಂದ ಮೊಬೈಲು ಮಾತ್ರ ಮತ್ತೆ ಅಪ್ಪನ ಜೇಬಿಗೆ ವಾಪಸ್ ಹೋಗಲಿಲ್ಲ.

'ಗಂಡು ಹುಡುಗ, ತಿನ್ನಲಿ ಬಿಡ್ರಿ'

ಹುಡುಗಿ ಸ್ವಲ್ಪ ದಪ್ಪಗಾದರೆ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಮಾತಾಡುತ್ತಾರೆ. ಆ ಮಾತಿನ ಹಿಂದೆ ಆರೋಗ್ಯದ ಕಾಳಜಿಗಿಂತ ಮದುವೆಯ ಲೆಕ್ಕಾಚಾರವೇ ಹೆಚ್ಚು. ಅದು ಅವಳಿಗೆ ಮಾಡುವ ಅನ್ಯಾಯ, ಬೇರೆಯೇ ವಿಷಯ. ಆದರೆ ಹುಡುಗ ದಪ್ಪಗಾದರೆ ಯಾರೂ ಮಾತಾಡೋದಿಲ್ಲ. "ತಿಂದುಂಡ ಮನೆ ಮಗ" ಅಂತ ಹೆಮ್ಮೆ. "ಬೆಳೆಯೋ ವಯಸ್ಸು, ಎತ್ತರ ಬಂದ್ರೆ ಎಲ್ಲ ಸರಿಹೋಗುತ್ತೆ" ಅಂತ ಸಮಾಧಾನ. "ಪೈಲ್ವಾನ್ ಆಗ್ತಾನೆ" ಅಂತ ನಗೆಚಾಟಿಕೆ.

ಎರಡನೇ ಸಲ ಬಡಿಸುವುದು ಮಗನಿಗೆ. ಬೆಣ್ಣೆ ಹೆಚ್ಚು ಹಾಕುವುದು ಮಗನಿಗೆ. ಕೈಖರ್ಚಿಗೆ ದುಡ್ಡು ಸಿಗುವುದು ಮಗನಿಗೆ. ರಾತ್ರಿ ಒಂಬತ್ತರವರೆಗೆ ಗೋಬಿ ಮಂಚೂರಿ ಗಾಡಿಯ ಮುಂದೆ ನಿಲ್ಲುವ ಸ್ವಾತಂತ್ರ್ಯ ಇರುವುದೂ ಮಗನಿಗೆ. ಪ್ರೀತಿ ಹೆಚ್ಚಾಗಿದ್ದಕ್ಕೇ ಅವನು ಕಾಯಿಲೆಗೆ ಹತ್ತಿರವಾಗುತ್ತಿದ್ದಾನೆ ಅಂದರೆ ತಾಯಂದಿರಿಗೆ ಸಿಟ್ಟು ಬರಬಹುದು. ಸಿಟ್ಟು ಮಾಡಿಕೊಂಡಾದರೂ ಯೋಚಿಸಲಿ.

ಇನ್ನು ಕೆಲವು ಮನೆಗಳಲ್ಲಿ "ಥೈರಾಯ್ಡ್ ಇರಬೇಕು" ಅಂತ ತಾವೇ ಡಾಕ್ಟರಾಗಿಬಿಡುತ್ತಾರೆ. ಗ್ರಂಥಿ ದೋಷದಿಂದ ದಪ್ಪಗಾಗುವ ಮಕ್ಕಳು ಬಹಳ ಕಮ್ಮಿ, ಅಂಥ ಮಕ್ಕಳ ಎತ್ತರದ ಬೆಳವಣಿಗೆಯೂ ಸಾಮಾನ್ಯವಾಗಿ ಕುಂಠಿತವಾಗಿರುತ್ತೆ. ಉದ್ದವೂ ಬೆಳೆಯುತ್ತಾ ಅಡ್ಡವೂ ಬೆಳೆಯುವ ಹುಡುಗನ ಕಾರಣ ಹೆಚ್ಚಾಗಿ ತಟ್ಟೆಯಲ್ಲಿ, ಕುರ್ಚಿಯಲ್ಲಿ, ಹಾಸಿಗೆಯಲ್ಲಿ ಇರುತ್ತೆ.

ಮನೆಯಲ್ಲಿ ಮುದ್ದು, ಶಾಲೆಯಲ್ಲಿ ಗುದ್ದು. "ಡುಮ್ಮ", "ಟೊಣಪ", "ರೋಡ್ ರೋಲರ್" - ಹೆಸರು ಒಂದೇ ಎರಡೇ! ಮೇಷ್ಟರೂ ಕೆಲವು ಸಲ ಕೈಜೋಡಿಸುತ್ತಾರೆ. ಕಬಡ್ಡಿ ತಂಡ ಕಟ್ಟುವಾಗ ಕೊನೆಗೆ ಉಳಿಯುವವನು ಅವನೇ. ಎದೆಯ ಭಾಗ ಉಬ್ಬಿದ ಹುಡುಗ ಅಂಗಿ ಬಿಚ್ಚಿ ಈಜಲು ಇಳಿಯುವುದಿಲ್ಲ, ಬಿಗಿ ಬನಿಯನ್ ಹಾಕಿ ಮೇಲೆ ದೊಗಲೆ ಅಂಗಿ ತೊಡುತ್ತಾನೆ. ಆಟಕ್ಕೆ ಹೋದರೆ ಅವಮಾನ, ಆದ್ದರಿಂದ ಆಟ ಬಿಟ್ಟ. ಆಟ ಬಿಟ್ಟದ್ದರಿಂದ ಇನ್ನೂ ದಪ್ಪಗಾದ. ದಪ್ಪಗಾದದ್ದರಿಂದ ಇನ್ನಷ್ಟು ಅವಮಾನ. ಬೇಸರಕ್ಕೆ ಮದ್ದು ಮತ್ತೊಂದು ಪೊಟ್ಟಣ. ಗಾಣದೆತ್ತಿನ ಸುತ್ತು ಇದು! ಹುಡುಗ ಅಳಬಾರದು ಅನ್ನೋ ಊರಿನಲ್ಲಿ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಕೆಲವರು ಹದಿನೇಳಕ್ಕೆ ರೋಷ ಬಂದು ಜಿಮ್ಮಿಗೆ ಸೇರುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಮೊದಲ ವಾರವೇ ಯಾರೋ ಪೌಡರ್ ಡಬ್ಬಿ ಕೈಗಿಡುತ್ತಾರೆ, ಮೂರನೇ ತಿಂಗಳಿಗೆ ಇಂಜೆಕ್ಷನ್ ಮಾತು ಎತ್ತುವವರೂ ಇದ್ದಾರೆ. ಬೊಜ್ಜಿನಿಂದ ತಪ್ಪಿಸಿಕೊಳ್ಳಲು ಹೋಗಿ ಬೇರೆ ಬಲೆಗೆ ಬಿದ್ದ ಹಾಗಾಗುತ್ತೆ.

ಕುತ್ತಿಗೆಯ ಕಪ್ಪು ಕೊಳೆಯಲ್ಲ

ದಪ್ಪ ಹುಡುಗನ ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿರುವುದನ್ನು ಬಹಳ ತಾಯಂದಿರು ನೋಡಿರುತ್ತಾರೆ. "ಸರಿಯಾಗಿ ಸ್ನಾನ ಮಾಡಲ್ಲ" ಅಂತ ಬೈದು, ಕಡಲೆಹಿಟ್ಟು ಹಚ್ಚಿ, ಕಲ್ಲಿನಲ್ಲಿ ಉಜ್ಜುತ್ತಾರೆ. ಚರ್ಮ ಕಿತ್ತು ಬರುತ್ತೆ, ಕಪ್ಪು ಹೋಗೋದಿಲ್ಲ. ಯಾಕೆಂದರೆ ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಇದ್ದೂ ಅದರ ಮಾತು ನಡೆಯದ ಹಾಗಾದಾಗ ಮೈ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತೆ. ಆ ಹೆಚ್ಚಳದ ಗುರುತು ಕುತ್ತಿಗೆಯ ಮೇಲೆ ಮೂಡುತ್ತೆ. ಕಪ್ಪು ಕುತ್ತಿಗೆಯವರಿಗೆಲ್ಲ ಸಕ್ಕರೆ ಕಾಯಿಲೆ ಇದೆ ಅಂತಲ್ಲ. ಆದರೆ ದಪ್ಪ ಹುಡುಗನಲ್ಲಿ ಇದು ಕಂಡರೆ ಕಲ್ಲು ಬಿಟ್ಟು ರಕ್ತ ಪರೀಕ್ಷೆ ಮಾಡಿಸಬೇಕು. ಮೈ ಬರೆದ ಪತ್ರವನ್ನು ಓದದೆ ಉಜ್ಜಿ ಅಳಿಸಲು ಹೊರಟರೆ ಹೇಗೆ?

ಹದಿಹರೆಯದಲ್ಲಿ ಬಂದ ಸಕ್ಕರೆ ಕಾಯಿಲೆ ದೊಡ್ಡವರಿಗೆ ಬಂದದ್ದಕ್ಕಿಂತ ಜೋರಾಗಿ ಓಡುತ್ತೆ. ಕಣ್ಣು, ಮೂತ್ರಪಿಂಡ, ನರ - ಎಲ್ಲಕ್ಕೂ ಬೇಗ ಏಟು. ಲೆಕ್ಕ ಹಾಕಿ ನೋಡಿ: ಐವತ್ತಕ್ಕೆ ಕಾಯಿಲೆ ಬಂದವನು ಮಕ್ಕಳನ್ನು ದಡ ಸೇರಿಸಿರುತ್ತಾನೆ. ಹದಿನೇಳಕ್ಕೆ ಬಂದವನು ಮೂವತ್ತೈದಕ್ಕೆ, ಅಂದರೆ ದುಡಿಯುವ ವಯಸ್ಸಿನಲ್ಲೇ, ಹದಿನೆಂಟು ವರ್ಷದ ಹಳೇ ರೋಗಿ. ಅವನ ಅಂಗಡಿ ಗಲ್ಲಾದಲ್ಲಿ ಕೂರುವವರು ಯಾರು? ಮನೆ ನಡೆಸುವವರು ಯಾರು?

ಕುಡಿಯದ ಹುಡುಗನ ಲಿವರ್‌ಗೂ ಈಗ ಕೊಬ್ಬು ಕಟ್ಟುತ್ತಿದೆ. ನೋವಿಲ್ಲ, ಜ್ವರವಿಲ್ಲ, ಸ್ಕ್ಯಾನ್ ಮಾಡಿದಾಗಲೇ ಗೊತ್ತಾಗೋದು. ರಕ್ತದೊತ್ತಡ ಏರುತ್ತೆ. ಮಂಡಿ ನೋಯುತ್ತೆ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾಗಿ, ಹಗಲು ತರಗತಿಯಲ್ಲಿ ತೂಕಡಿಸುವ ಹುಡುಗನನ್ನು "ಸೋಮಾರಿ" ಅಂತಾರೆ. ಪಾಪ, ಅವನು ರಾತ್ರಿಯೆಲ್ಲ ಉಸಿರಿಗೆ ಹೋರಾಡಿ ಬಂದಿರುತ್ತಾನೆ!

ಅಂಗಡಿಯವರ ಗಲ್ಲಾ, ಸರ್ಕಾರದ ಗಂಟಲು

ಈಗ ವ್ಯಾಪಾರಿ ಮಹಾಶಯರ ಸರದಿ. ಶಾಲೆ ಪಕ್ಕದ ಅಂಗಡಿಯವನನ್ನೇ ಖಳನಾಯಕ ಮಾಡುವುದು ಸುಲಭ. ಆದರೆ ಅವನೂ ಸಂಸಾರಸ್ಥ. ಬಾಡಿಗೆ ಕಟ್ಟಬೇಕು, ಮಗಳ ಫೀಸು ಕಟ್ಟಬೇಕು. ಬಾಳೆಹಣ್ಣು ಎರಡು ದಿನಕ್ಕೆ ಕಪ್ಪಗಾಗುತ್ತೆ, ಚಿಪ್ಸಿನ ಪೊಟ್ಟಣ ತಿಂಗಳುಗಟ್ಟಲೆ ತೂಗುತ್ತೆ. ಕಂಪನಿಯವನು ಫ್ರಿಜ್ಜನ್ನೂ ಕೊಡುತ್ತಾನೆ, ಬೋರ್ಡನ್ನೂ ಬರೆಸುತ್ತಾನೆ. ಬಾಳೆಹಣ್ಣಿನವನು ಏನು ಕೊಡುತ್ತಾನೆ?

ಆದರೂ ಕಾನೂನು ಅಂತ ಒಂದಿದೆ. ಶಾಲೆಯ ನೂರು ಗಜದೊಳಗೆ ಬೀಡಿ ಸಿಗರೇಟು ಮಾರಬಾರದು ಅನ್ನೋದು ಎಲ್ಲ ಅಂಗಡಿಯವರಿಗೂ ಗೊತ್ತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ ಐವತ್ತು ಮೀಟರಿನೊಳಗೆ ಮಕ್ಕಳಿಗೆ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿರುವುದು ಎಷ್ಟು ಮಂದಿಗೆ ಗೊತ್ತು? ಶಾಲಾ ಗೇಟುಗಳ ಮುಂದೆ ನಿಂತು ಐವತ್ತು ಮೀಟರ್ ಎಣಿಸಿ ನೋಡಿ. ಆ ನಿಯಮ ಪುಸ್ತಕದಲ್ಲಿದೆ, ಪೊಟ್ಟಣ ಗೇಟಿನಲ್ಲಿದೆ. ಸಂಬಂಧಪಟ್ಟ ಅಧಿಕಾರಿಗಳು ಅಳತೆ ಟೇಪನ್ನು ದರ್ಜಿಯ ಹತ್ತಿರವಾದರೂ ಸಾಲ ಪಡೆದು ಬರಬಾರದೇ?

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಸರಿಯಾದ ಕೆಲಸವೇ. ಅಂದಿನಿಂದ ಗೋಬಿಯ ಕೆಂಪು ಕಮ್ಮಿಯಾದರೂ ಎಣ್ಣೆ ಹಾಗೇ ಇದೆ.

ಇನ್ನೊಂದು ತಮಾಷೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಬಿಸ್ಕತ್ತು, ಚಾಕಲೇಟಿನ ಮೇಲೆ ನೂರಕ್ಕೆ 18 ಇದ್ದ ತೆರಿಗೆ 5ಕ್ಕೆ ಇಳಿಯಿತು. ಪ್ಯಾಕೆಟ್ ಖಾರದ ತಿಂಡಿಗಳ ಮೇಲೆ 12 ಇದ್ದದ್ದೂ 5ಕ್ಕೆ ಬಂತು. ಗ್ಯಾಸು ತುಂಬಿದ ತಂಪು ಪಾನೀಯಕ್ಕೆ ಮಾತ್ರ 40. ಬೆಲೆ ಇಳಿದರೆ ಗಿರಾಕಿಗೆ ಖುಷಿ, ಅಂಗಡಿಯವನಿಗೂ ಖುಷಿ. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ಬೊಜ್ಜಿನ ಬಗ್ಗೆ ಮಾತಾಡಿ, ಎಣ್ಣೆಯನ್ನು ನೂರಕ್ಕೆ ಹತ್ತರಷ್ಟು ಕಮ್ಮಿ ಮಾಡಿ ಅಂತ ಜನರಿಗೆ ಬುದ್ಧಿ ಹೇಳಿದ್ದರು. ಒಂದು ಕೈಯಲ್ಲಿ ಬುದ್ಧಿಮಾತು, ಇನ್ನೊಂದು ಕೈಯಲ್ಲಿ ಅಗ್ಗದ ಪೊಟ್ಟಣ! ಹುಡುಗ ಯಾವ ಕೈ ಹಿಡಿಯುತ್ತಾನೆ ಅಂತ ಹೇಳಬೇಕೇ?

ಇಪ್ಪತ್ತು ರೂಪಾಯಿಯ 250 ಮಿಲಿ ತಂಪು ಪಾನೀಯದಲ್ಲಿ ಸಾಮಾನ್ಯವಾಗಿ 25 ಗ್ರಾಂಗೂ ಹೆಚ್ಚು ಸಕ್ಕರೆ. ಐದು ಚಮಚ! ಹೊರಗಿನಿಂದ ಹಾಕಿದ ಸಕ್ಕರೆ ಇಡೀ ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಒಂದು ಬಾಟಲಿಗೆ ದಿನದ ಕೋಟಾ ಮುಗಿಯಿತು. ಇನ್ನು ಪರೀಕ್ಷೆ ಕಾಲದಲ್ಲಿ ಹುಡುಗರು ನಿದ್ದೆ ತಡೆಯಲು ಕುಡಿಯುವ 'ಶಕ್ತಿ ಪಾನೀಯ'ದ ಬಾಟಲಿಯನ್ನು ತಿರುಗಿಸಿ ನೋಡಿ. ಮಕ್ಕಳಿಗೆ ಯೋಗ್ಯವಲ್ಲ ಅಂತ ಅದರ ಮೇಲೇ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತೆ. ಓದೋರು ಯಾರು? ಮಾರುವವನು ಓದೋದಿಲ್ಲ, ಕುಡಿಯುವವನು ಓದೋದಿಲ್ಲ.

ಮೈದಾನ ಯಾರದು?

ಊರಿನ ನಡುವೆ ಹೈಸ್ಕೂಲ್ ಮೈದಾನ ಇದೆ. ಹೆಸರು ಹೈಸ್ಕೂಲಿನದು, ಬಳಕೆ ಸಕಲರದು. ರಾಜಕೀಯ ಸಭೆಗೆ ಅದೇ ಬೇಕು, ವಸ್ತು ಪ್ರದರ್ಶನಕ್ಕೆ ಅದೇ ಬೇಕು, ದೀಪಾವಳಿ ಪಟಾಕಿ ಮಳಿಗೆಗೆ ಅದೇ ಬೇಕು. ಗೂಟ ಕಿತ್ತ ಗುಂಡಿಗಳಲ್ಲಿ ಹುಡುಗರು ಕಾಲು ಉಳುಕಿಸಿಕೊಂಡು ಆಡಬೇಕು. ಬಡಾವಣೆಗಳಲ್ಲಿ ಪಾರ್ಕಿಗೆ ಬೇಲಿ, ಬೇಲಿಗೆ ಬೀಗ, ಬೀಗದ ಮೇಲೆ 'ಇಲ್ಲಿ ಕ್ರಿಕೆಟ್ ಆಡಬಾರದು' ಅಂತ ಬೋರ್ಡು. ರಸ್ತೆಯಲ್ಲಿ ಆಡಿದರೆ ಕಾರಿನ ಗಾಜಿನ ಚಿಂತೆ. ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರನ್ನು ನೋಡಿದರೆ ಬಹುಪಾಲು ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಓಡಿಸಿದವರು. ಕಾಯಿಲೆ ಬರದಿರಲಿ ಅಂತ ನಡೆಯಬೇಕಾದ ಮಗ ಆ ಹೊತ್ತಿಗೆ ಟ್ಯೂಷನ್ನಿನಲ್ಲಿ!

2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಹೆಸರು ಬಂದಾಗ ಊರೆಲ್ಲ ಸಂಭ್ರಮಿಸಿತು. ಹುಡುಗನೊಬ್ಬ ಮನೆಯಿಂದ ಶಾಲೆಗೆ ಭಯವಿಲ್ಲದೆ ಸೈಕಲ್ ತುಳಿದು ಹೋಗುವ ದಾರಿ ಮಾತ್ರ ಇನ್ನೂ ಆಗಬೇಕು.

ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಬೇಕು ಅಂತ ಹೇಳುತ್ತೆ. ಆದರೆ ಆ ಕಾಯ್ದೆ ಎಂಟನೇ ತರಗತಿಗೇ ಮುಗಿಯುತ್ತೆ. ಪಿಯು ಕಾಲೇಜುಗಳ ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಹುಡುಕಿದರೂ ಸಿಗೋದು ಕಷ್ಟ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಕಾಲೇಜಿಗೆ ಪಾರ್ಕಿಂಗ್ ಜಾಗ ಇದೆ, ವಾಲಿಬಾಲ್ ನೆಟ್ ಕಟ್ಟಲು ಜಾಗವಿಲ್ಲ. ಹೈಸ್ಕೂಲಿನಲ್ಲೂ ಪಿ.ಟಿ. ಪಿರಿಯಡ್ ಇದ್ದರೆ ಗಣಿತದ ಮೇಷ್ಟರು ಬಂದು ಕಸಿದುಕೊಳ್ಳುತ್ತಾರೆ. "ಪೋರ್ಷನ್ ಮುಗಿದಿಲ್ಲ" ಅನ್ನೋದು ಮಂತ್ರ. ಪೋರ್ಷನ್ ಮುಗಿಯುತ್ತೆ ಸ್ವಾಮಿ, ಆರೋಗ್ಯವೂ ಜೊತೆಗೇ ಮುಗಿಯುತ್ತೆ.

ಮಕ್ಕಳ ಆರೋಗ್ಯ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ವೈದ್ಯರ ತಂಡ ಶಾಲೆಗೇ ಬರಬೇಕು. ಆದರೆ ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಫೀಸು ಕಟ್ಟುವ ಖಾಸಗಿ ಶಾಲೆಯ ಹುಡುಗನ ತೂಕ ನೋಡುವವರು ಯಾರು? ಫೀಸಿನಲ್ಲಿ ಕಟ್ಟಡ ನಿಧಿ ಇರುತ್ತೆ, ಕಂಪ್ಯೂಟರ್ ನಿಧಿ ಇರುತ್ತೆ. ಒಂದು ತೂಕದ ಯಂತ್ರದ ನಿಧಿ ಇರೋದಿಲ್ಲ.

ಆಗಬೇಕಾದ್ದು ಇಷ್ಟು

ಇದಕ್ಕೆಲ್ಲ ದೆಹಲಿಯಿಂದ ಯಾರೂ ಬರಬೇಕಿಲ್ಲ. ಊರೊಳಗೇ ಆಗುವ ಕೆಲಸ.

ಜಿಲ್ಲಾಡಳಿತ ಐವತ್ತು ಮೀಟರಿನ ನಿಯಮವನ್ನು ದಂಡದ ಪುಸ್ತಕ ಹಿಡಿದು ಏಕಾಏಕಿ ಜಾರಿ ಮಾಡುವುದು ಬೇಡ. ಮೊದಲು ಅಂಗಡಿಯವರನ್ನು ಕರೆದು ತಿಳಿಸಲಿ, ಗೆರೆ ಹಾಕಿ ತೋರಿಸಲಿ, ಆಮೇಲೂ ಕೇಳದಿದ್ದರೆ ದಂಡ ಹಾಕಲಿ. ಅಂಗಡಿಯವರೂ ಒಂದು ಹೆಜ್ಜೆ ಮುಂದೆ ಬರಲಿ. ಕಣ್ಣೆತ್ತರದಲ್ಲಿ ಚಿಪ್ಸಿನ ಮಾಲೆ ಬದಲು ಬಾಳೆಗೊನೆ ತೂಗಲಿ. ಹುರಿದ ಶೇಂಗಾ, ಕಡಲೆ, ಮಜ್ಜಿಗೆ ಪ್ಯಾಕೆಟ್ಟು, ಬೇಯಿಸಿದ ಮೊಟ್ಟೆ - ಇವಕ್ಕೂ ಗಿರಾಕಿ ಇದ್ದಾನೆ, ಇಟ್ಟರೆ ತಾನೇ ಕೊಳ್ಳೋದು? ದಾವಣಗೆರೆಗೆ ಮಂಡಕ್ಕಿ ಅಂದರೆ ಪ್ರಾಣ. ಮಂಡಕ್ಕಿಗೆ ಈರುಳ್ಳಿ, ಸೌತೆಕಾಯಿ, ಶೇಂಗಾ, ನಿಂಬೆ ಹಾಕಿ ಕೊಟ್ಟರೆ ಯಾರು ಬೇಡ ಅಂತಾರೆ? ಮಂಡಕ್ಕಿಯದ್ದೇನೂ ತಪ್ಪಿಲ್ಲ, ದಿನಾ ಅದರ ಜೊತೆಗೆ ಬರುವ ನಾಲ್ಕು ಮಿರ್ಚಿಯದ್ದು ತಪ್ಪು.

ಕಾಲೇಜು ಆಡಳಿತ ಮಂಡಳಿಗಳು ದಿನಕ್ಕೆ ಒಂದು ಗಂಟೆ ಬೆಂಚು ಖಾಲಿ ಮಾಡಿಸಲಿ. ಜಾಗ ಇಲ್ಲದಿದ್ದರೆ ಮೈದಾನ ಇರುವ ಸರ್ಕಾರಿ ಶಾಲೆಯ ಜೊತೆ ಒಪ್ಪಂದ ಮಾಡಿಕೊಳ್ಳಲಿ. ಟ್ಯೂಷನ್ ಮೇಷ್ಟರುಗಳು ಬೆಳಿಗ್ಗೆ ಆರರ ಬ್ಯಾಚನ್ನು ಬಿಟ್ಟರೆ ಹುಡುಗ ಒಂದು ಗಂಟೆ ಹೆಚ್ಚು ಮಲಗುತ್ತಾನೆ, ರ್‍ಯಾಂಕು ಎಲ್ಲಿಗೂ ಓಡಿಹೋಗೋದಿಲ್ಲ. ಮಹಾನಗರ ಪಾಲಿಕೆ ಪಾರ್ಕುಗಳ ಬೀಗ ಸಂಜೆ ತೆಗೆಸಲಿ. ಬಡಾವಣೆಗೊಂದರಂತೆ ಹುಡುಗರು ಆಡುವ ಜಾಗ ಗುರುತಿಸಲಿ. ಗರಡಿಮನೆಗಳು ಪೈಲ್ವಾನರಿಗೆ ಮಾತ್ರ ಅಂತ ಏನಿಲ್ಲ. ಸಂಜೆ ಒಂದು ಗಂಟೆ ಡುಮ್ಮ ಹುಡುಗರಿಗೂ ಬಾಗಿಲು ತೆಗೆದರೆ, ನಗದೆ ಹೇಳಿಕೊಡುವ ಒಬ್ಬ ಉಸ್ತಾದ್ ಸಿಕ್ಕರೆ, ಅದು ಯಾವ ಜಿಮ್ಮಿಗೂ ಕಮ್ಮಿಯಲ್ಲ.

ಮನೆಯವರು ಮಾತ್ರ ಒಂದು ಎಚ್ಚರ ವಹಿಸಬೇಕು. ಬೆಳೆಯುವ ಹುಡುಗನನ್ನು ಉಪವಾಸ ಕೆಡವಬಾರದು. ಇಂಟರ್‌ನೆಟ್ಟಿನ ಪಥ್ಯ, ಪುಡಿ, ಕಷಾಯ ಬೇಡ. ಎತ್ತರ ಬೆಳೆಯುತ್ತಾ ತೂಕ ಅಲ್ಲೇ ನಿಂತರೂ ಎಷ್ಟೋ ಹುಡುಗರಿಗೆ ಅರ್ಧ ಯುದ್ಧ ಗೆದ್ದ ಹಾಗೆ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ, ಮಧ್ಯಾಹ್ನ ಮುದ್ದೆ ಇರಲಿ ರೊಟ್ಟಿ ಇರಲಿ ಜೊತೆಗೆ ಸೊಪ್ಪು ಕಾಳು, ರಾತ್ರಿ ಬೇಗ ಊಟ, ಹಾಸಿಗೆಗೆ ಮೊಬೈಲು ಇಲ್ಲ. ಮಗನೊಬ್ಬನಿಗೇ ಪಥ್ಯ ಹಾಕಿ ಉಳಿದವರು ಅವನೆದುರು ಬಜ್ಜಿ ತಿಂದರೆ ಅದು ಶಿಕ್ಷೆ. ಇಡೀ ಮನೆ ಒಟ್ಟಿಗೆ ಬದಲಾಗಬೇಕು. ಅಪ್ಪನ ಸೊಂಟಕ್ಕೂ ಅದರಿಂದ ನಷ್ಟವೇನಿಲ್ಲ! ಮುಖ್ಯವಾಗಿ ಅವನನ್ನು ಅಣಕಿಸುವುದು ನಿಲ್ಲಲಿ. ಅವಮಾನದಿಂದ ಯಾವ ಹುಡುಗನೂ ತೆಳ್ಳಗಾದದ್ದಿಲ್ಲ.

"ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಹಿರಿಯರು ಹೇಳಿ ಹೋದರು. ಊಟ ಬಲ್ಲವನಾಗಲು ಹುಡುಗನಿಗೆ ಪುರುಸೊತ್ತಾದರೂ ಬೇಕಲ್ಲ? ಅವನ ನಿದ್ದೆಯನ್ನು ಟ್ಯೂಷನ್ನಿಗೆ ಕೊಟ್ಟವರು, ಮೈದಾನವನ್ನು ಸಭೆಗೆ ಕೊಟ್ಟವರು, ಸೈಕಲ್ಲನ್ನು ಕಿತ್ತುಕೊಂಡವರು, ಗೇಟಿನಲ್ಲಿ ಪೊಟ್ಟಣ ತೂಗುಹಾಕಿದವರು ಎಲ್ಲರೂ ದೊಡ್ಡವರೇ. ಕೊನೆಗೆ "ಬಾಯಿ ಕಟ್ಟಲ್ಲ" ಅಂತ ಬೈಸಿಕೊಳ್ಳುವವನು ಮಾತ್ರ ಹುಡುಗ.

ಬರುವ ಜೂನಿನಲ್ಲಿ ಮತ್ತೆ ಯೂನಿಫಾರಂ ಅಳತೆ ಶುರುವಾಗುತ್ತೆ. ದರ್ಜಿ ಟೇಪು ಹಿಡಿದು ನಿಲ್ಲುತ್ತಾನೆ. ಆ ಹೊತ್ತಿಗೆ ತಾಯಿ "ಎರಡು ಇಂಚು ಒಳಗೆ ಬಿಟ್ಟಿರಿ" ಅನ್ನದೆ, "ಎರಡು ಇಂಚು ಹಿಡೀರಿ" ಅನ್ನುವಂತಾದರೆ ಸಾಕು. ಶಾಲೆಯವರು, ಅಂಗಡಿಯವರು, ಪಾಲಿಕೆಯವರು, ಮನೆಯವರು ಎಲ್ಲರಿಗೂ ಆ ಎರಡು ಇಂಚಿನಲ್ಲಿ ಪಾಲಿದೆ.